ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿ: ಪಕ್ಕದ ಕೋಣೆಯ ಹೆಂಗಸರು

‘ಸಂಸ್ಕಾರ’ ಸಿನಿಮಾದ ಚಂದ್ರಿಯಾಗಿ ನಮಗೆ ನೆನಪಿರುವ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾದರು. ಅದಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯ ಬಂಧಿಗಳು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಿರಲಿಲ್ಲ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಅವರು ಬರೆದ ದಿನಚರಿ ಹೀಗೆ ಬಾಗಿಲುಗಳೆಲ್ಲ ಮುಚ್ಚಿದ ಮೇಲಿನ ಬರಹ.

ಆಸ್ತಮಾದಿಂದ ಜರ್ಜರಿತರಾಗಿದ್ದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು ಐದೇ ದಿನಕ್ಕೆ ತೀರಿಕೊಂಡರು. ಹಾಗಾಗಿ ಇದನ್ನು ಹುತಾತ್ಮೆಯ ಪುಸ್ತಕವೆಂದೇ ಓದುವ ರೂಢಿಯಿದೆ. ನನಗೆ ಅದು ಅರ್ಧ ಓದು ಅನ್ನಿಸುತ್ತದೆ. ಸ್ವಾತಂತ್ರ್ಯ, ಆತ್ಮ ಎಂದೆಲ್ಲ ಬರುವಾಗ ಬರಹ ತುಸು ಭಾಷಣವಾಗುತ್ತದೆ. ಅದು ಜೀವ ತಳೆಯುವುದು ಪಕ್ಕದ ಕೋಣೆಗಳ ಕಡೆ ಕಣ್ಣು ಹೊರಳಿದಾಗ. ಒಳಬರುವ ಹೆಂಗಸಿನ ಬಟ್ಟೆಯನ್ನು ಎಲ್ಲರೆದುರು ಬಿಚ್ಚಿಸುವುದು, ಹೊಡೆತ, ಕೆಟ್ಟ ಊಟ. ಅಲ್ಲಿದ್ದವರು ರಾಜಕೀಯ ಕೈದಿಗಳಲ್ಲ, ಸಾಮಾನ್ಯ ಕೈದಿಗಳು. ತುರ್ತುಪರಿಸ್ಥಿತಿ ಬರದಿದ್ದರೂ ಅವರ ಪಾಡು ಅದೇ ಆಗಿರುತ್ತಿತ್ತು. ಸ್ನೇಹಲತಾ ಜಗಳಕ್ಕೆ ನಿಂತದ್ದು ಇವರ ಪರವಾಗಿ.

ಇದು ಯಾಕೆ ಮುಖ್ಯವೆಂದರೆ, ‘ಗರೀಬಿ ಹಠಾವೋ’ ಎಂದು 1971ರಲ್ಲಿ 352 ಸ್ಥಾನ ಗೆದ್ದವರು ಬಡವರೆಲ್ಲ ತಮ್ಮವರೆಂದೂ, ಎದುರಾಡುವವರು ಬಡವರ ಶತ್ರುಗಳೆಂದೂ ಹೇಳುತ್ತಿದ್ದರು. ಜನಪ್ರಿಯ ನಾಯಕತ್ವ ಇಂದಿಗೂ ಹಕ್ಕಿನ ಹೋರಾಟಗಾರರ ಬಾಯಿ ಮುಚ್ಚಿಸುವುದು ಇದೇ ಮಾತಿನಿಂದ: ನೀವು ಯಾರ ಪರ, ನಿಮ್ಮ ಹಿಂದೆ ಎಷ್ಟು ಜನ?

ಎಷ್ಟು ಜನ ಎಂಬುದಕ್ಕೆ ಉತ್ತರ ಮುಜುಗರದ್ದೇ. ಅವರು ಸತ್ತು ಎರಡು ತಿಂಗಳಾದಾಗ ನಡೆದ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ಕರ್ನಾಟಕ 28ರಲ್ಲಿ 26 ಸ್ಥಾನವನ್ನು ಅದಕ್ಕೇ ಕೊಟ್ಟಿತು. ಮತದಾರರನ್ನು ಹಳಿದು ಪ್ರಯೋಜನವಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರನ ಕೈಗೆ ಬಂದದ್ದು ನಿಜವಾದ ನೆಲ, ಬರಿಯ ಘೋಷಣೆಯಲ್ಲ. ಆ ರೈತನಿಗೆ ವಾಕ್‌ಸ್ವಾತಂತ್ರ್ಯದ ಮಾತು ಪೇಟೆಯವರ ಕೊರಗಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಅನ್ನ, ಏಟು, ಮಾನ ಎಂದು ಬರೆದ ಆ ಕೆಲವು ಪುಟಗಳು ಅವನಿಗೂ ಅರ್ಥವಾಗುತ್ತಿದ್ದವೇನೋ. ಆದರೆ ದಿನಚರಿ ಇದ್ದದ್ದು ಇಂಗ್ಲಿಷಿನಲ್ಲಿ. ಪಕ್ಕದ ಕೋಣೆಯ ಆ ಹೆಂಗಸರಂತೂ ಯಾವ ಭಾಷೆಯಲ್ಲೂ ದಿನಚರಿ ಬಿಟ್ಟುಹೋಗಲಿಲ್ಲ.