ಸ್ಟೇಟಸ್ ಬಾರಿನ ಸತ್ಯನಿಷ್ಠೆ

ಗಣಕದ ಪರದೆಯ ಅಂಚಿನಲ್ಲಿರುವ ಸ್ಟೇಟಸ್ ಬಾರ್ ಎಂಬ ಪಟ್ಟಿಯನ್ನು ಕಿರು ಸ್ಕ್ರಿಪ್ಟುಗಳಿಂದ ತಮ್ಮ ಅಭಿರುಚಿಗೆ ತಕ್ಕಂತೆ ರಚಿಸಿಕೊಳ್ಳುವ ಅಭ್ಯಾಸವು ಲಿನಕ್ಸ್ ಬಳಸುವವರಲ್ಲಿ ಬಹುಕಾಲದಿಂದ ರೂಢವಾಗಿರುವುದು. ಮೇಲ್ನೋಟಕ್ಕೆ ಇದು ಬರಿಯ ಅಲಂಕಾರಪ್ರಿಯತೆಯೆಂದು ತೋರಿದರೂ, ಯಾವುದು ಸದಾ ಕಣ್ಣೆದುರಿಗಿರತಕ್ಕದ್ದು, ಯಾವುದು ತ್ಯಾಜ್ಯ ಎಂಬ ವಿವೇಕವೇ ಅದರ ಜೀವಾಳವಾದ ಕಾರಣ, ಈ ಕೌಶಲವು ವಿಮರ್ಶೆಗೆ ಅರ್ಹವೇ ಆಗಿದೆ.

ಇದರ ರಚನಾಕ್ರಮ ಸರಳ. ತನ್ನ ಮೂಲಪಾಠವು 2000 ಸಾಲುಗಳನ್ನು ಮೀರಬಾರದೆಂಬ ವ್ರತ ತೊಟ್ಟ ಡಿಡಬ್ಲ್ಯುಎಂ ಎಂಬ ವಿಂಡೋ ಮ್ಯಾನೇಜರು, ಎಕ್ಸ್‌ಸೆಟ್‌ರೂಟ್ ಆಜ್ಞೆಯಿಂದ ಕೊಟ್ಟ ಸಾಲನ್ನು ಹಾಗೆಯೇ ಪಟ್ಟಿಯಲ್ಲಿ ತೋರಿಸುತ್ತದೆ. ಐ3 ವಿಂಡೋ ಮ್ಯಾನೇಜರಿನ ಪಟ್ಟಿಯಾದ ಐ3ಬಾರಿಗೆ ಅಂಕಣಗಳನ್ನು ಒದಗಿಸುವ ಐ3ಬ್ಲಾಕ್ಸ್‌ನಲ್ಲಾದರೋ ಒಂದೊಂದು ಅಂಕಣಕ್ಕೂ ಒಂದೊಂದು ಸ್ಕ್ರಿಪ್ಟು, ಅದು ಮರಳಿ ಓಡಲು ಒಂದು ಕಾಲಾವಧಿ. ಬ್ಯಾಟರಿಯ ಪ್ರಮಾಣವನ್ನು ಕರ್ನಲ್ ತಾನೇ ಒಂದು ಕಡತದಲ್ಲಿ ಬರೆದಿಟ್ಟಿರುವುದರಿಂದ ಅದನ್ನು ಓದಿ ತೋರಿಸಲು ಒಂದು ಸಾಲು ಸಾಕು; ಸ್ಕ್ರಿಪ್ಟು 33 ಎಂಬ ಸಂಕೇತದೊಡನೆ ಮುಗಿದರೆ ಆ ಅಂಕಣವು ತುರ್ತಿನ ಬಣ್ಣ ತಾಳುತ್ತದೆ. ಕರೆಂಟು ಹೇಳಿ ಹೋಗದ ಊರುಗಳಲ್ಲಿ ಈ ಒಂದು ಅಂಕಣದ ಉಪಕಾರವು ಉಳಿದೆಲ್ಲ ಚಿತ್ರವಿಲಾಸಕ್ಕಿಂತ ಮಿಗಿಲು.

ಕನ್ನಡದ ವಿಷಯದಲ್ಲಿ ಡಿಡಬ್ಲ್ಯುಎಂಗೂ ಐ3ಬಾರಿಗೂ ಗಣ್ಯವಾದ ಅಂತರವುಂಟು. ಡೇಟ್ ಆಜ್ಞೆಯು ಕನ್ನಡದ ಭಾಷಾ ಹೊಂದಿಕೆಯಲ್ಲಿ (ಲೊಕೇಲ್) ‘ಶುಕ್ರವಾರ’ವೆಂದು ಶುದ್ಧವಾಗಿಯೇ ಕೊಟ್ಟರೂ, ಡಿಡಬ್ಲ್ಯುಎಂ ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುವುದರಿಂದ ಒತ್ತಕ್ಷರವು ಒಡೆದು ನಿಲ್ಲುತ್ತದೆ; ಅಕ್ಷರಗಳನ್ನು ಕೂಡಿಸಿ ಜೋಡಿಸುವ ಪ್ಯಾಂಗೊ ಫಾಂಟನ್ನು ನಮೂದಿಸಿದ ಐ3ಬಾರಿನಲ್ಲಿ ಆ ಕ್ಲೇಶವಿಲ್ಲ. ಮಿತಾಕಾರದ ವ್ರತವು ಶ್ಲಾಘ್ಯವಾದರೂ, ನಮ್ಮ ಲಿಪಿಯನ್ನು ಹೊರಗಿಟ್ಟು ಪಾಲಿಸಿದ ವ್ರತವು ಕನ್ನಡಿಗನಿಗೆ ಅಪೂರ್ಣವೇ ಸರಿ.

ಆದರೆ ಈ ಅಭ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಹೊರಗಿನಿಂದ ತಂದ ಅಂಕಿಗಳಲ್ಲಿ. ಮಾನ್ವಿ ಸೀಮೆಯ ನೀರಮಾನ್ವಿಯ ಯುವಕನೊಬ್ಬನು ತುಂಗಭದ್ರಾ ಜಲಾಶಯದ ಮಟ್ಟವನ್ನು ಪಟ್ಟಿಯಲ್ಲಿ ಕಾಣಬಯಸಿದರೆ ಅಚ್ಚರಿಯಿಲ್ಲ. ಅದರ ಎಡದಂಡೆ ಕಾಲುವೆಯನ್ನು ನಂಬಿದ ಆ ಸೀಮೆಯ ಭತ್ತದ ಬೆಳೆಗಾರರಿಗೆ 1633 ಅಡಿಯ ಪೂರ್ಣಮಟ್ಟವು ಮನೆಮಾತು. ಆದರೆ ನೆಟ್‌ವರ್ಕ್ ಕಡಿದ ದಿನ, ಅಜಾಗರೂಕತೆಯಿಂದ ಬರೆದ ಸ್ಕ್ರಿಪ್ಟು ಮೊನ್ನೆಯ ಅಂಕಿಯನ್ನೇ ಇಂದಿನದೆಂಬಂತೆ ತೋರಿಸುತ್ತ ಕುಳಿತಿರುತ್ತದೆ. ಕಾಲುವೆಯ ಗೇಜು, ನೀರು ಇಳಿದರೆ ಇಳಿದಷ್ಟನ್ನೇ ತೋರುವುದು. ಪಟ್ಟಿಗೆ ಆ ಪ್ರಾಮಾಣಿಕತೆ ಸ್ವಭಾವಸಿದ್ಧವಲ್ಲ, ಬರೆದವನೇ ಅದನ್ನು ಒದಗಿಸಬೇಕು. ಅಂಕಿಯ ಪಕ್ಕದಲ್ಲಿ ಅದನ್ನು ಪಡೆದ ವೇಳೆಯನ್ನು ನಮೂದಿಸುವುದು, ಉತ್ತರ ಬಾರದಿದ್ದಾಗ ಬರಿಯ ಅಡ್ಡಗೆರೆಯನ್ನು ಎಳೆಯುವುದು, ಟೈಮ್‌ಔಟ್ ಆಜ್ಞೆಯಿಂದ ಕಾಯುವಿಕೆಗೆ ಮಿತಿ ಹಾಕುವುದು: ಇವು ಮೂರೂ ಸೇರಿ ಹತ್ತು ಸಾಲಿನ ಕೆಲಸವೂ ಅಲ್ಲ.

ಇಂಥ ಪಟ್ಟಿಗಳಲ್ಲಿ ಪ್ರೊಸೆಸರಿನ ಉಷ್ಣತೆ, ಹಾಡಿನ ಹೆಸರು, ಬಗೆಬಗೆಯ ಚಿಹ್ನೆಗಳು ಇಡಿಕಿರಿದಿರುವುದನ್ನು ನೋಡುವಾಗ, ಕಲಿಕೆಯ ದೃಷ್ಟಿಯಿಂದ ಅವನ್ನು ಮೆಚ್ಚಬಹುದು, ಬಳಕೆಯ ದೃಷ್ಟಿಯಿಂದ ಮೆಚ್ಚಲಾಗದು. ಶೆಲ್ ಕಲಿಯತೊಡಗಿದ ವಿದ್ಯಾರ್ಥಿಗೆ ಇಂಥ ಪಟ್ಟಿಯ ರಚನೆಗಿಂತ ಒಳ್ಳೆಯ ಪ್ರಥಮ ಪಾಠ ದುರ್ಲಭ. ಆದರೆ ತಾನು ಬರೆದ ಅಂಕಣ ಯಾವಾಗ ಸುಳ್ಳು ಹೇಳಬಲ್ಲದೆಂಬುದನ್ನು ಅರಿಯದವನು ಅದನ್ನು ಪಟ್ಟಿಯಲ್ಲಿ ಇಡದಿರುವುದೇ ಲೇಸು.