ಧ್ರುವನ ಪಕ್ಕದ ನಕ್ಷತ್ರ

ರಾತ್ರಿಯ ಆಕಾಶ ನೋಡಿ ದೇವರ ಮಹಿಮೆಯನ್ನು ನೆನೆಯುವುದು ಎಲ್ಲ ಮತದವರಲ್ಲೂ ಇರುವ ರೂಢಿ. ಅಷ್ಟು ನಕ್ಷತ್ರಗಳು, ಅಷ್ಟು ದೂರ, ಅಷ್ಟು ಬೆಳಕು ಎಂದುಕೊಂಡಾಗ ತಲೆ ತಾನಾಗಿಯೇ ಬಾಗುತ್ತದೆ. ಆದರೆ ದೊಡ್ಡದನ್ನು ಕಂಡು ತಲೆಬಾಗುವುದು ಬೇರೆ, ಆ ದೊಡ್ಡದಕ್ಕೆ ನನ್ನ ಮೇಲೆ ಅಕ್ಕರೆಯಿದೆ ಎಂದು ನಂಬುವುದು ಬೇರೆ. ಮಹಿಮೆ ಅಂಗಳಕ್ಕೆ ಬಂದು ಕತ್ತೆತ್ತಿದರೆ ಕಾಣುತ್ತದೆ. ಅಕ್ಕರೆಯನ್ನು ಯಾರಾದರೂ ಕಥೆಯಾಗಿ ಹೇಳಬೇಕು. ನಮ್ಮಲ್ಲಿ ಆ ಕೆಲಸ ಮಾಡಿರುವುದು ಧ್ರುವನ ಕಥೆ.

ಈ ಕಥೆ ಕೇಳದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ಕಡಿಮೆ. ಹರಿಕಥೆಯಲ್ಲಿ ಬಂತು, ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಬಂತು, ಕನ್ನಡದಲ್ಲಿ ಮಾತಿನ ಚಿತ್ರಗಳು ಶುರುವಾದ 1934ರಲ್ಲೇ 'ಭಕ್ತ ಧ್ರುವ' ತೆರೆಗೆ ಬಂತು. ಮದುವೆಯಲ್ಲಂತೂ ಧ್ರುವನನ್ನೂ ಅರುಂಧತಿಯನ್ನೂ ತೋರಿಸದೆ ಶಾಸ್ತ್ರ ಮುಗಿಯುವುದಿಲ್ಲ. (ಮಟಮಟ ಮಧ್ಯಾಹ್ನ ಪುರೋಹಿತರು ಕಲ್ಯಾಣ ಮಂಟಪದ ಫ್ಯಾನಿನ ಕಡೆಗೆ ಬೆರಳು ತೋರಿಸಿ, "ಕಂಡಿತೇನಮ್ಮಾ?" ಎಂದರೆ ಮದುಮಗಳು "ಹೂಂ" ಎನ್ನಲೇಬೇಕು!)

ಆದರೆ ನಾವು ಹೇಳುವ ಕಥೆ ಏನು? ಮಲತಾಯಿ ಕೆಟ್ಟವಳು, ಹುಡುಗ ಹಟವಾದಿ, ದೇವರು ಕರುಣಾಳು, ಕೊನೆಗೆ ಅಲುಗಾಡದ ಪದವಿ. ಕಷ್ಟಪಟ್ಟು ಓದಿದರೆ ರ್‍ಯಾಂಕು ಬರುತ್ತದೆ ಎಂದ ಹಾಗೆ. ಮೂಲ ಕಥೆ ಹೀಗಿಲ್ಲ. ಭಾಗವತದ ನಾಲ್ಕನೆಯ ಸ್ಕಂಧವನ್ನೂ ವಿಷ್ಣುಪುರಾಣದ ಮೊದಲನೆಯ ಅಂಶವನ್ನೂ ಎದುರುಬದುರಾಗಿ ಇಟ್ಟುಕೊಂಡು ಓದಿದರೆ, ನಾವು ಎಸೆದದ್ದೇ ಹಣ್ಣು, ಉಳಿಸಿಕೊಂಡದ್ದು ಸಿಪ್ಪೆ ಎಂದು ನನಗನ್ನಿಸುತ್ತದೆ.

ಭಾಗವತದ ಸುನೀತಿಯನ್ನೇ ನೋಡಿ. ಐದು ವರ್ಷದ ಮಗು ತಂದೆಯ ತೊಡೆಯೇರಲು ಹೋಗಿ, ಮಲತಾಯಿ ಸುರುಚಿಯಿಂದ ಮಾತು ಕೇಳಿ, ಅಳುತ್ತಾ ಬಂದಿದೆ. ಸುನೀತಿ ಸವತಿಯನ್ನು ಬೈಯುವುದಿಲ್ಲ. ಬೇರೆಯವರಿಗೆ ಕೇಡು ಬಯಸಬೇಡ ಎನ್ನುತ್ತಾಳೆ. ಗಂಡನಾದ ರಾಜನಿಗೆ ತನ್ನನ್ನು ಹೆಂಡತಿಯೆಂದು ಒಪ್ಪಿಕೊಳ್ಳಲೂ ನಾಚಿಕೆ ಎಂಬುದನ್ನು ಮುಚ್ಚಿಡದೆ ಮಗನಿಗೆ ಹೇಳುತ್ತಾಳೆ. ನಾರಾಯಣನನ್ನು ಆರಾಧಿಸು ಎಂದು ಸುರುಚಿ ಹೇಳಿದ್ದೇನೋ ನಿಜ, ಹಾಗೇ ಮಾಡು ಎಂದು ಕಳಿಸುತ್ತಾಳೆ. ನಾರದ ದಾರಿಯಲ್ಲಿ ಸಿಗುವುದು ಆಮೇಲೆ. ಮಗುವಿಗೆ ದೇವರ ದಾರಿ ತೋರಿಸಿದ ಮೊದಲ ಗುರು ಈ ಬೇಡವಾದ ಹೆಂಡತಿ. ನಮ್ಮ ನಾಟಕಗಳಲ್ಲಿ ಅವಳಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಕೆಲಸ ಬಿಟ್ಟು ಬೇರೇನೂ ಇರುವುದಿಲ್ಲ.

ಯಮುನೆಯ ದಡದ ಮಧುವನದಲ್ಲಿ ತಪಸ್ಸು ನಡೆದು, ದೇವರು ಎದುರಿಗೆ ನಿಂತಾಗ ಹುಡುಗನಿಗೆ ಸ್ತುತಿ ಮಾಡಲು ಮಾತೇ ಬರುವುದಿಲ್ಲ. ದೇವರು ತನ್ನ ಶಂಖವನ್ನು ಮಗುವಿನ ಕೆನ್ನೆಗೆ ಮುಟ್ಟಿಸುತ್ತಾನೆ. ಆಗ ಮಾತು ಹೊರಡುತ್ತದೆ. ಇಡೀ ಪ್ರಸಂಗದಲ್ಲಿ ಅಕ್ಕರೆ ಎಂಬುದು ಮೈಗೆ ತಾಗುವ ಹಾಗೆ ಬರುವುದು ಇಲ್ಲಿ. ತಂದೆಯ ತೊಡೆ ಸಿಗದ ಮಗುವಿಗೆ ಸಿಕ್ಕಿದ್ದು ಕೆನ್ನೆಯ ಮೇಲೆ ಒಂದು ಸ್ಪರ್ಶ. ನಕ್ಷತ್ರಪದವಿ ಅದರ ನಂತರದ ಮಾತು.

ಆ ಪದವಿಯ ಬಗ್ಗೆ ಧ್ರುವನಿಗೇ ಸಂತೋಷವಿರಲಿಲ್ಲ ಎಂಬುದನ್ನು ನಾವು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ವರ ಪಡೆದು ಹಿಂದಿರುಗುವಾಗ ಅವನು ಪಶ್ಚಾತ್ತಾಪ ಪಡುತ್ತಾನೆ. ಬಡವನೊಬ್ಬ ಚಕ್ರವರ್ತಿಯ ಮುಂದೆ ನಿಂತು ಅಕ್ಕಿಯ ತೌಡು ಬೇಡಿದ ಹಾಗಾಯಿತಲ್ಲ ಎಂದು ಹಳಹಳಿಸುತ್ತಾನೆ. ಅವನು ತೌಡು ಎಂದದ್ದನ್ನೇ ನಾವು ಬಹುಮಾನವೆಂದು ಕೊಂಡಾಡುತ್ತಿದ್ದೇವೆ.

ಆ ಸ್ಥಾನವಾದರೂ ಎಂಥದ್ದು? ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳು ಸುತ್ತುವ ಹಾಗೆ ಗ್ರಹನಕ್ಷತ್ರಗಳು ಧ್ರುವನನ್ನು ಸುತ್ತುತ್ತವೆ ಎನ್ನುತ್ತದೆ ಭಾಗವತ. ಹಳ್ಳಿಯಲ್ಲಿ ಹಂತಿ ಹೊಡೆಯುವುದನ್ನು ಕಂಡವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಮೇಟಿಯೆಂದರೆ ಸಿಂಹಾಸನವಲ್ಲ. ಧೂಳಿನ ನಡುವೆ ನಿಂತು, ಕಾಳು ಬೇರೆಯಾಗುವ ತನಕ ಎತ್ತುಗಳ ಎಳೆತ ತಡೆದುಕೊಳ್ಳುವ ಮರದ ಕಂಬ.

ಖಗೋಳದವರ ಲೆಕ್ಕವೂ ಈ ಪದವಿಯ ಜಂಭವನ್ನು ಕಡಿಮೆ ಮಾಡುತ್ತದೆ. ಧ್ರುವ ನಕ್ಷತ್ರ ಆಕಾಶದಲ್ಲೆಲ್ಲ ಹೆಚ್ಚು ಹೊಳೆಯುವಂಥದ್ದೇನಲ್ಲ. ನಮ್ಮ ಕಡೆ ತೀರ ತಗ್ಗಿನಲ್ಲಿ ಕಾಣುತ್ತದೆ, ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ, ಬೀದರಿನಲ್ಲಿ 18ರ ಹತ್ತಿರ. ಉತ್ತರಕ್ಕೆ ಪಕ್ಕದ ಮನೆಯವರು ಮಹಡಿ ಕಟ್ಟಿದರೆ ಮುಗಿಯಿತು. ಅದು ಪೂರ್ತಿ ನಿಶ್ಚಲವೂ ಅಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡಿ ಒಂದು ಸುತ್ತು ಬರಲು ಸುಮಾರು 26,000 ವರ್ಷ ಬೇಕು. ಹೀಗಾಗಿ ಐದು ಸಾವಿರ ವರ್ಷಗಳ ಹಿಂದೆ ಆ ಜಾಗದ ಹತ್ತಿರ ಥೂಬಾನ್ ಎಂಬ ಬೇರೊಂದು ನಕ್ಷತ್ರವಿತ್ತು. ಇನ್ನು ಸುಮಾರು 12,000 ವರ್ಷ ಕಳೆದರೆ ಅಭಿಜಿತ್ ನಕ್ಷತ್ರ ಆ ಕಡೆಗೆ ಬರುತ್ತದೆ. ಇದರಿಂದ ಭಕ್ತರು ನೊಂದುಕೊಳ್ಳಬೇಕಾಗಿಲ್ಲ. ದೇವರ ಪ್ರೀತಿಯನ್ನು ಪದವಿಯಲ್ಲಿ ಹುಡುಕಿದವರಿಗೆ ಮಾತ್ರ ಇದು ನಷ್ಟ.

ಇನ್ನು ವಿಷ್ಣುಪುರಾಣ. ಅಲ್ಲಿ ಹುಡುಗನಿಗೆ ದಾರಿ ಹೇಳುವವರು ಏಳು ಜನ ಋಷಿಗಳು. ತಪಸ್ಸು ಕೆಡಿಸಲೆಂದು ಸುನೀತಿಯ ಮಾಯಾರೂಪವೇ ಬಂದು ಅಳುತ್ತದೆ. ತಾಯಿಯ ಕಣ್ಣೀರನ್ನು ಸಾಧನೆಗೆ ವಿಘ್ನವಾಗಿ ಮಾಡಿದ ಈ ಭಾಗ ನನಗೆ ಸೇರುವುದಿಲ್ಲ. ಹೆಣ್ಣನ್ನು ತಪಸ್ಸಿನ ಅಡ್ಡಿಯಾಗಿ ತರುವ ಹಳೆಯ ಚಾಳಿ ತಾಯಿಯನ್ನೂ ಬಿಡಲಿಲ್ಲವಲ್ಲ ಎನಿಸುತ್ತದೆ. ಆದರೆ ಅದೇ ಪುರಾಣ ವರ ಕೊಡುವಾಗ ಕೇಳದೆಯೇ ಒಂದು ಮಾತು ಸೇರಿಸುತ್ತದೆ: ನಿನ್ನ ತಾಯಿ ಸುನೀತಿಯೂ ನಿರ್ಮಲವಾದ ತಾರೆಯಾಗಿ, ನೀನಿರುವಷ್ಟು ಕಾಲವೂ ನಿನ್ನ ಹತ್ತಿರವೇ ಇರುತ್ತಾಳೆ ಎಂದು. ಭಾಗವತದಲ್ಲಿ ವಿಮಾನವೇರುವ ಧ್ರುವ, ತಾಯಿಯನ್ನು ಬಿಟ್ಟು ಹೇಗೆ ಹೋಗಲಿ ಎಂದು ತಾನೇ ನೆನೆಯುತ್ತಾನೆ. ಆಗ ದೇವರ ಪಾರ್ಷದರು, ಅಗೋ ಮುಂದೆಯೇ ಹೋಗುತ್ತಿದ್ದಾಳೆ ಎಂದು ಇನ್ನೊಂದು ವಿಮಾನ ತೋರಿಸುತ್ತಾರೆ. ಎರಡೂ ಚೆಂದವೇ. ಆದರೂ ಮಗ ನೆನೆಯುವ ಮೊದಲೇ ದೇವರು ಆ ತಾಯಿಯನ್ನು ನೆನೆದ ವಿಷ್ಣುಪುರಾಣದ ಮಾತೇ ನನಗೆ ಹೆಚ್ಚಿನದು.

1779ರಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ನೋಡಿ, ಧ್ರುವ ನಕ್ಷತ್ರದ ಪಕ್ಕದಲ್ಲಿ ಮಸುಕಾದ ಜೊತೆ ನಕ್ಷತ್ರವೊಂದನ್ನು ಕಂಡುಹಿಡಿದರು. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಇದೆಲ್ಲ ನಮ್ಮ ಪುರಾಣದಲ್ಲಿ ಆಗಲೇ ಇತ್ತು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಪುರಾಣ ಬರೆದವರ ಕೈಯಲ್ಲಿ ದೂರದರ್ಶಕ ಇರಲಿಲ್ಲ. ಆದರೆ ತರಗತಿಯಲ್ಲಿ ಹುಡುಗಿಯರು, "ಮಿಸ್, ಅವರಮ್ಮ ಯಾವುದು?" ಎಂದು ಕೇಳಿದರೆ, ಸುನೀತಿಯ ಕಥೆ ಹೇಳಿ, ಹರ್ಷೆಲ್ ಕಂಡದ್ದನ್ನೂ ಬೇರೆಯಾಗಿ ಹೇಳುತ್ತೇನೆ. ಎರಡನ್ನೂ ಗಂಟು ಹಾಕಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು.

ಸುರುಚಿಯ ವಿಷಯ ಮಾತ್ರ ಒಗಟಾಗಿಯೇ ಉಳಿಯುತ್ತದೆ. ಧ್ರುವ ಊರಿಗೆ ಮರಳಿ ಕಾಲಿಗೆರಗಿದಾಗ ಅವಳು ಎತ್ತಿ ಅಪ್ಪಿಕೊಂಡು, ಗದ್ಗದಿತಳಾಗಿ, ಬಾಳು ಮಗನೇ ಎಂದು ಹರಸುತ್ತಾಳೆ. ಇದೂ ಭಾಗವತದಲ್ಲೇ ಇದೆ. ಮುಂದೆ ಅವಳ ಮಗ ಉತ್ತಮ ಬೇಟೆಗೆ ಹೋಗಿ ಯಕ್ಷನಿಂದ ಸಾಯುತ್ತಾನೆ. ಅವನನ್ನು ಹುಡುಕುತ್ತಾ ಕಾಡಿಗೆ ಹೋದ ತಾಯಿ ಕಾಳ್ಗಿಚ್ಚಿಗೆ ಬೀಳುತ್ತಾಳೆ. ಅವಳೂ ಮಗನಿಗಾಗಿಯೇ ಹೋದವಳು. ಅವಳಿಗೆ ಈ ಎರಡು ಪುರಾಣಗಳಲ್ಲಿ ಎಲ್ಲೂ ನಕ್ಷತ್ರವಿಲ್ಲ. ಹರಿಕಥೆಯವರು ಅಲ್ಲಿಯವರೆಗೆ ಬರುವುದೇ ಇಲ್ಲ, ಅದಕ್ಕೆ ಮೊದಲೇ ಮಂಗಳ ಹಾಡಿಬಿಡುತ್ತಾರೆ.