ಶಕ್ತಿ ಬರುವ ಮುಂಚಿನ ಮನುಷ್ಯ

ಸೂಪರ್‌ಹೀರೋ ಸಿನಿಮಾಗಳಿಗೆ ಎರಡು ಬಗೆಯ ಪ್ರೇಕ್ಷಕರಿದ್ದಾರೆ. ಕಾಮಿಕ್ಸ್ ಓದಿಕೊಂಡೇ ಬೆಳೆದವರು ಒಂದು ಕಡೆ. ರಜೆಯ ದಿನ ಮನೆಯವರ ಜೊತೆ ಹೋಗಿ ನೋಡಿ ಬರುವವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನವನು. ಆದರೂ ನಾಯಕ ಸೂಪರ್‌ಹೀರೋ ಆದ ಬಗೆಯನ್ನು ಹೇಳುವ ‘ಒರಿಜಿನ್’ ಚಿತ್ರಗಳ ವಿಷಯದಲ್ಲಿ ತೀರ್ಪು ಕೊಡುವ ಹಕ್ಕು ನಮ್ಮ ಗುಂಪಿಗೇ ಹೆಚ್ಚು ಎಂಬುದು ನನ್ನ ನಂಬಿಕೆ. ಏನೂ ಗೊತ್ತಿಲ್ಲದವರನ್ನು ಒಳಗೆ ಕರೆದುಕೊಳ್ಳುವುದೇ ಆ ಚಿತ್ರಗಳ ಕೆಲಸ. ಅವುಗಳನ್ನು ನೋಡುತ್ತ ಬಂದ ನನಗೆ ಖಚಿತವಾಗಿರುವುದು ಇಷ್ಟು: ಶಕ್ತಿ ಹೇಗೆ ಬಂತು ಅನ್ನುವುದು ಐದು ನಿಮಿಷದಲ್ಲಿ ಮುಗಿಯುವ ಮಾತು. ಅದು ಬರುವ ಮುಂಚೆ ಆ ಮನುಷ್ಯ ಎಂಥವನಾಗಿದ್ದ ಅನ್ನುವುದರಲ್ಲೇ ಚಿತ್ರದ ಸತ್ವವಿದೆ.

ಈ ಪರಂಪರೆಗೆ ಗಟ್ಟಿ ಅಡಿಪಾಯ ಹಾಕಿದ್ದು ರಿಚರ್ಡ್ ಡಾನರ್ ನಿರ್ದೇಶನದ 1978ರ ‘ಸೂಪರ್‌ಮ್ಯಾನ್’. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಈ ಪಾತ್ರ 1938ರಿಂದಲೇ ಕಾಮಿಕ್ಸ್‌ನಲ್ಲಿ ಮನೆಮಾತಾಗಿತ್ತು. ಎಲ್ಲರಿಗೂ ಗೊತ್ತಿರುವ ಕಥೆ ಎಂದು ಡಾನರ್ ಅವಸರ ಮಾಡಲಿಲ್ಲ. ನಾಶವಾಗುತ್ತಿರುವ ಗ್ರಹದಿಂದ ಹೆತ್ತವರು ಮಗುವನ್ನು ನೌಕೆಯಲ್ಲಿಟ್ಟು ಕಳಿಸುತ್ತಾರೆ, ಕಾನ್ಸಸ್‌ನ ರೈತ ದಂಪತಿಗೆ ಅದು ಸಿಗುತ್ತದೆ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೆಂಪು ಕೇಪ್ ತೊಟ್ಟ ನಾಯಕ ತೆರೆಯ ಮೇಲೆ ಬರಲು ಮುಕ್ಕಾಲು ಗಂಟೆಯಷ್ಟು ಕಾಯಬೇಕು. ಅಷ್ಟರಲ್ಲಿ ಸಾಕುತಂದೆ ಹೃದಯಾಘಾತವಾಗಿ ಮನೆಯ ಮುಂದೆಯೇ ಕುಸಿದು ಸಾಯುತ್ತಾನೆ. ರೈಲನ್ನು ಓಟದಲ್ಲಿ ಹಿಂದಿಕ್ಕಬಲ್ಲ ಹುಡುಗನಿಗೆ ಅಪ್ಪನನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಮುಂದೆ ಅವನು ಯಾರನ್ನೇ ಕಾಪಾಡಿದರೂ ಈ ಸಾವು ನಮ್ಮ ಮನಸ್ಸಿನಲ್ಲಿರುತ್ತದೆ.

ಸ್ಯಾಮ್ ರೈಮಿ 2002ರ ‘ಸ್ಪೈಡರ್‌ಮ್ಯಾನ್’ನಲ್ಲಿ ಇನ್ನೂ ಆಳಕ್ಕೆ ಹೋದರು. ಜೇಡ ಕಚ್ಚಿ ಶಕ್ತಿ ಬಂದ ಕೂಡಲೇ ಪೀಟರ್ ಪಾರ್ಕರ್ ಲೋಕೋದ್ಧಾರಕ್ಕೆ ಹೊರಡುವುದಿಲ್ಲ. ಹುಡುಗಿಯ ಮೆಚ್ಚುಗೆಗಾಗಿ ಕಾರು ಕೊಳ್ಳುವ ಆಸೆಯಿಂದ ಕುಸ್ತಿಯ ಅಖಾಡಕ್ಕೆ ಇಳಿಯುತ್ತಾನೆ. ಗೆದ್ದರೂ ಆಯೋಜಕ ಮಾತು ತಪ್ಪಿ, ಮೂರು ಸಾವಿರ ಡಾಲರ್ ಬದಲು ನೂರು ಡಾಲರ್ ಕೈಗಿಟ್ಟು ಕಳಿಸುತ್ತಾನೆ. ಮರುಕ್ಷಣವೇ ಕಳ್ಳನೊಬ್ಬ ಅದೇ ಆಯೋಜಕನ ದುಡ್ಡು ದೋಚಿ ಓಡಿಬರುತ್ತಾನೆ. ಪೀಟರ್ ಪಕ್ಕಕ್ಕೆ ಸರಿದು ಲಿಫ್ಟಿಗೆ ದಾರಿ ಬಿಡುತ್ತಾನೆ. ಅವನ ಮುಖದಲ್ಲಿ ಸೇಡು ತೀರಿತೆಂಬ ಸಣ್ಣ ತೃಪ್ತಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹೊರಗೆ ಬೀದಿಯಲ್ಲಿ ಬೆನ್ ಚಿಕ್ಕಪ್ಪ ಗುಂಡೇಟು ತಿಂದು ಬಿದ್ದಿರುತ್ತಾನೆ.

ಈ ದೃಶ್ಯದ ಬಲವೆಲ್ಲ ಇರುವುದು ಪೀಟರನ ಸಿಟ್ಟು ನ್ಯಾಯವಾದದ್ದೇ ಎಂಬುದರಲ್ಲಿ. ಅವನ ಜಾಗದಲ್ಲಿ ನಾವಿದ್ದರೂ ಹಾಗೆಯೇ ದಾರಿ ಬಿಡುತ್ತಿದ್ದೆವು. ಅದಕ್ಕೇ ಅವನ ಪಾಪಪ್ರಜ್ಞೆಯಲ್ಲಿ ನಮಗೂ ಪಾಲಿದೆ. 1962ರ ಮೂಲ ಕಾಮಿಕ್ಸ್ ಓದದ ನನ್ನಂಥವರಿಗೆ ಇಷ್ಟು ಸಾಕು. ಮುಂದಿನ ಎರಡು ಚಿತ್ರಗಳ ತನಕ ಅವನ ಜೊತೆ ಹೋಗಲು ನಾವು ತಯಾರು.

ಜಾನ್ ಫ್ಯಾವ್ರೂ ಅವರ 2008ರ ‘ಐರನ್ ಮ್ಯಾನ್’ ಕೂಡ ಇದೇ ಸಾಲಿನಲ್ಲಿ ನಿಲ್ಲುವ ಚಿತ್ರ. ಆಯುಧ ವ್ಯಾಪಾರಿ ಟೋನಿ ಸ್ಟಾರ್ಕ್‌ನ ಎದೆ ಸೀಳುವುದು ಅವನದೇ ಕಂಪನಿಯ ಹೆಸರು ಬರೆದ ಕ್ಷಿಪಣಿಯ ಚೂರುಗಳು. ಅಫ್ಘಾನಿಸ್ತಾನದ ಗುಹೆಯಲ್ಲಿ ಅವನ ಪ್ರಾಣ ಉಳಿಸಿದ ಯಿನ್ಸೆನ್, ಅವನು ತಪ್ಪಿಸಿಕೊಳ್ಳಲೆಂದು ತನ್ನ ಪ್ರಾಣವನ್ನೇ ಕೊಡುತ್ತಾನೆ. ಆದರೆ ಪರಂಪರೆಯ ದಾರಿ ಬದಲಾದದ್ದೂ ಇದೇ ಚಿತ್ರದಿಂದ. ಹೆಸರುಗಳೆಲ್ಲ ಸಾಗಿ ಹೋದ ಮೇಲೆ ನಿಕ್ ಫ್ಯೂರಿ ಎಂಬ ಪಾತ್ರ ಬಂದು ಸೂಪರ್‌ಹೀರೋಗಳ ದೊಡ್ಡದೊಂದು ಕೂಟದ ಸುಳಿವು ಕೊಟ್ಟಿತು. ಅಲ್ಲಿಂದ ಮುಂದೆ ಎಷ್ಟೋ ಒರಿಜಿನ್ ಚಿತ್ರಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಬಿಟ್ಟು ಮುಂದಿನ ಚಿತ್ರದ ಪೀಠಿಕೆಯಾದವು. ಹಿಂದಿನದನ್ನು ನೋಡದವನಿಗೆ ಅರ್ಥವಾಗದ, ಮುಂದಿನದನ್ನು ನೋಡದವನಿಗೆ ಪೂರ್ತಿಯಾಗದ ಕಥೆ ಹೇಳುವುದು ಸಾಮಾನ್ಯ ಪ್ರೇಕ್ಷಕನಿಗೆ ಮಾಡುವ ಅನ್ಯಾಯ.

ಕೊನೆಯ ಅರ್ಧ ಗಂಟೆಯೂ ಒಂದು ಅಚ್ಚಿಗೆ ಬಿತ್ತು. ನಾಯಕನಿಗಿರುವ ಶಕ್ತಿಯೇ ಖಳನಿಗೂ ಇರುತ್ತದೆ, ಇಬ್ಬರೂ ಹೊಡೆದಾಡುತ್ತಾರೆ. ‘ಐರನ್ ಮ್ಯಾನ್’ನಲ್ಲಿ ಎರಡು ಲೋಹಕವಚಗಳು, 2015ರ ‘ಆಂಟ್ ಮ್ಯಾನ್’ನಲ್ಲಿ ಕುಗ್ಗಬಲ್ಲ ಎರಡು ಉಡುಪುಗಳು. ವಿಚಾರದಲ್ಲಿ ಇವೆಲ್ಲಕ್ಕಿಂತ ಶ್ರೀಮಂತವಾದ, ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಪಡೆದ 2018ರ ‘ಬ್ಲ್ಯಾಕ್ ಪ್ಯಾಂಥರ್’ ಕೂಡ ಕೊನೆಗೆ ಅಲ್ಲಿಗೇ ಬಂತು. ಕಪ್ಪು ಜನರ ಚರಿತ್ರೆಯ ಗಾಯವನ್ನು ಎದೆಯಲ್ಲಿ ಹೊತ್ತ ಅದರ ಖಳ ಕಿಲ್‌ಮಾಂಗರ್ ಎತ್ತಿದ ಪ್ರಶ್ನೆಗಳ ತೂಕಕ್ಕೆ ಗಣಕದಲ್ಲಿ ಮೂಡಿಸಿದ ಆ ಕಾಳಗ ಸಾಟಿಯಾಗಲಿಲ್ಲ. ಇದಕ್ಕೆ ಹೋಲಿಸಿದರೆ 2016ರ ‘ಡಾಕ್ಟರ್ ಸ್ಟ್ರೇಂಜ್’ನ ಅಂತ್ಯ ನನಗೆ ಬಹಳ ಹಿಡಿಸಿತು. ಸೋಲೆಂದರೆ ಸಹಿಸದ ಅಹಂಕಾರದ ವೈದ್ಯ ಅಲ್ಲಿ ಸೋಲುತ್ತ, ಮತ್ತೆ ಮತ್ತೆ ಸಾಯುತ್ತ ಗೆಲ್ಲುತ್ತಾನೆ. ಮೊದಲಿನ ಮನುಷ್ಯನಿಗೂ ಕೊನೆಯ ಗೆಲುವಿಗೂ ಅಲ್ಲಿ ನೇರ ನಂಟಿದೆ.

ಒಂದೇ ಕಥೆ ಮತ್ತೆ ಮತ್ತೆ ಬಂದದ್ದು ಇನ್ನೊಂದು ದಣಿವು. ಬ್ಯಾಟ್‌ಮ್ಯಾನ್‌ನ ತಂದೆತಾಯಿ ಗಲ್ಲಿಯಲ್ಲಿ ಗುಂಡಿಗೆ ಬಲಿಯಾಗುವುದನ್ನು 1989ರಲ್ಲಿ, 2005ರಲ್ಲಿ, 2016ರಲ್ಲಿ ತೋರಿಸಿದರು. ರೈಮಿಯವರ ಚಿತ್ರ ಬಂದ ಹತ್ತೇ ವರ್ಷಕ್ಕೆ ಸ್ಪೈಡರ್‌ಮ್ಯಾನ್‌ನ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಹೀಗೆ ಬೇಸರ ಹುಟ್ಟಿದ ಮೇಲೆ 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’, 2022ರ ‘ದ ಬ್ಯಾಟ್‌ಮ್ಯಾನ್’, 2025ರ ‘ಸೂಪರ್‌ಮ್ಯಾನ್’ ಹುಟ್ಟಿನ ಕಥೆಯನ್ನೇ ಕೈಬಿಟ್ಟವು. ನನಗೆ ಇದು ಪರಿಹಾರವಾಗಿ ಕಾಣುವುದಿಲ್ಲ. ಇವತ್ತು ಹತ್ತು ವರ್ಷದ ಮಗುವೊಂದು ಮೊದಲ ಸಲ ಈ ಲೋಕಕ್ಕೆ ಬರುತ್ತಿರಬಹುದು. ದೊಡ್ಡವರ ಬೇಸರಕ್ಕಾಗಿ ಆ ಮಗುವಿನ ಪಾಲಿನ ಕಥೆಯನ್ನು ಕಿತ್ತುಕೊಳ್ಳಬಾರದು.

ಹಳೆಯ ಚೌಕಟ್ಟಿನಲ್ಲಿ ಹೊಸ ಮನುಷ್ಯನನ್ನು ಕೂರಿಸಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಬೇಸಿಲ್ ಜೋಸೆಫ್ ಅವರ ಮಲಯಾಳ ಚಿತ್ರ ‘ಮಿನ್ನಲ್ ಮುರಳಿ’ 2021ರಲ್ಲಿ ಬಂತು. ಕೇರಳದ ಪುಟ್ಟ ಊರಿನಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ಅಮೆರಿಕಕ್ಕೆ ಹೋಗುವ ಕನಸಿನ ದರ್ಜಿ ಜೇಸನ್. ಇನ್ನೊಬ್ಬ ಊರವರು ತಿರಸ್ಕಾರದಿಂದ ನೋಡುವ, ಚಹಾದಂಗಡಿಯಲ್ಲಿ ದುಡಿಯುವ ಶಿಬು. ವರ್ಷಗಟ್ಟಲೆ ಮನಸ್ಸಿನಲ್ಲೇ ಪ್ರೀತಿಸಿದ ಉಷಾಳ ಮುಂದೆ ಶಿಬು ಕೊನೆಗೂ ಬಾಯಿ ಬಿಡುವ ದೃಶ್ಯದಲ್ಲಿ ಗುರು ಸೋಮಸುಂದರಂ ಅವರ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೆ ಉಕ್ಕುತ್ತವೆ. ಆ ಗಳಿಗೆಯಲ್ಲಿ ಅವನು ಖಳ ಅನ್ನುವುದೇ ನಮಗೆ ಮರೆತುಹೋಗುತ್ತದೆ. ನಾಯಕನಿಗೂ ಖಳನಿಗೂ ಒಂದೇ ಶಕ್ತಿ ಎಂಬ ಸವೆದ ಸೂತ್ರವೇ ಇಲ್ಲಿಯೂ ಇದೆ. ಆದರೆ ಸಿಡಿಲು ಇಬ್ಬರಿಗೂ ಒಂದೇ; ಒಬ್ಬನಿಗೆ ಮನೆಯವರಿದ್ದರು, ಇನ್ನೊಬ್ಬನಿಗೆ ಯಾರೂ ಇರಲಿಲ್ಲ. ಆ ವ್ಯತ್ಯಾಸದಿಂದಲೇ ಒಬ್ಬ ರಕ್ಷಕನಾದ, ಇನ್ನೊಬ್ಬ ಊರಿಗೆ ಕೊಳ್ಳಿಯಾದ. ಅದರಲ್ಲಿ ಊರಿನ ತಪ್ಪೂ ಇದೆ ಎಂದು ಚಿತ್ರ ಧೈರ್ಯವಾಗಿ ಹೇಳುತ್ತದೆ.

ಡೊಮಿನಿಕ್ ಅರುಣ್ ಅವರ 2025ರ ‘ಲೋಕಾ’ದ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಕೇರಳದ ಜನಪದದ ಯಕ್ಷಿಯನ್ನು ಆ ಚಿತ್ರ ಸೂಪರ್‌ಹೀರೋ ಮಾಡಿತು. ಕನ್ನಡದಲ್ಲೂ ಇಂಥ ಚಿತ್ರ ಮಾಡಲು ಹೊರಡುವವರು ಗ್ರಾಫಿಕ್ಸ್‌ನ ಖರ್ಚಿಗೆ ಹೆದರಬೇಕಾಗಿಲ್ಲ. ನಾಯಕ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ, ಯಾರ ಋಣದಲ್ಲಿದ್ದ, ಯಾವ ಗಳಿಗೆಯಲ್ಲಿ ಕೈಲಾಗುತ್ತಿದ್ದರೂ ಸುಮ್ಮನಿದ್ದ ಎಂಬುದನ್ನು ಮೊದಲು ಬರೆದುಕೊಳ್ಳಲಿ. ಅಷ್ಟು ಸರಿಯಾಗಿದ್ದರೆ ಅವನು ಹಾರುವುದು ಕೊಂಚ ಒರಟಾಗಿ ಕಂಡರೂ ಪ್ರೇಕ್ಷಕ ಮನ್ನಿಸುತ್ತಾನೆ. ಅದೇ ಇಲ್ಲದಿದ್ದರೆ ಎಷ್ಟು ಕೋಟಿ ಸುರಿದರೂ ಅವನು ಯಾಕೆ ಗೆಲ್ಲಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.